ಮನೆಯ ಸಿಎನ್‌ಸಿಗೆ ಡಿಎಂ542 ಡ್ರೈವರ್: ಮೂರು ವರ್ಷ ದುಡಿಸಿದ ಮೇಲೆ

ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಮಷೀನಿನಲ್ಲಿ, ತೇಗದ ಹಲಗೆಯ ಮೇಲೆ ಕನ್ನಡ ಅಕ್ಷರ ಕೆತ್ತುವಾಗ ಮೋಟಾರು ಒಂದು ಸ್ಟೆಪ್ (ಪುಟ್ಟ ಹೆಜ್ಜೆ) ತಪ್ಪಿದರೆ ಅದನ್ನು ಮೊದಲು ಹೇಳುವುದು ತಲೆಕಟ್ಟು. ಅಕ್ಷರದ ಮೈ ಒಂದು ಕಡೆ ಇರುತ್ತದೆ, ತಲೆಕಟ್ಟು ಒಂದೂವರೆ ಮಿಲಿಮೀಟರ್ ಆಚೆ ಕೂತಿರುತ್ತದೆ. ಅಲ್ಲಿಗೆ ಹಲಗೆಯೂ ಹೋಯಿತು, ಎರಡು ಗಂಟೆ ಕೆಲಸವೂ ಹೋಯಿತು. ಮನೆಯಲ್ಲೇ ಸಿಎನ್‌ಸಿ ಕಟ್ಟುವವರು ಕೊರೆಯುವ ಸ್ಪಿಂಡಲ್‌ಗೆ, ಮಷೀನನ್ನು ಸಾಗಿಸುವ ಬಾಲ್‌ಸ್ಕ್ರೂಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಮೋಟಾರಿಗೆ ಕರೆಂಟ್ ಕೊಟ್ಟು ತಿರುಗಿಸುವ ಡ್ರೈವರ್ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯಲ್ಲಿ ಯಾವುದು ಅಗ್ಗವೋ ಅದನ್ನೇ ತರುತ್ತಾರೆ. ಇದು ಬದಲಾಗಬೇಕು ಅನ್ನೋದೇ ಈ ವಿಮರ್ಶೆ ಬರೆಯಲು ಕಾರಣ.

ನನ್ನ ಮಷೀನು ಸಾಧಾರಣದ್ದು. ನೀಮಾ 23 ಅಳತೆಯ ಮೂರು ಸ್ಟೆಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟಾರು, ಒಂದೊಂದೂ 2.8 ಆಂಪ್, 1.26 ನ್ಯೂಟನ್ ಮೀಟರ್. ಒಂದು ಸುತ್ತಿಗೆ 5 ಮಿಲಿಮೀಟರ್ ಸಾಗುವ 1605 ಬಾಲ್‌ಸ್ಕ್ರೂ. ಮಷೀನು ನಡೆಸುವ ಜಿಆರ್‌ಬಿಎಲ್ ತಂತ್ರಾಂಶ ಹಾಕಿದ ಆರ್ಡುಯಿನೊ ಊನೊ ಬೋರ್ಡ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ತಂದ 36 ವೋಲ್ಟ್, 10 ಆಂಪ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ). ಮೊದಲು ಇದ್ದದ್ದು ಟಿಬಿ6600 ಎಂದು ಮೇಲೆ ಬರೆದಿದ್ದ, ತಯಾರಕರ ಹೆಸರೇ ಇಲ್ಲದ ಡ್ರೈವರ್‌ಗಳು. ಆಮೇಲೆ ಡಿಎಂ542 ಹಾಕಿದೆ. ಇದು ಮೂಲತಃ ಲೀಡ್‌ಶೈನ್ ಕಂಪನಿಯ ಮಾದರಿ. ಈಗ ಅದೇ ನಂಬರ್, ಅದೇ ಸ್ವಿಚ್ ಪಟ್ಟಿ ಇಟ್ಟುಕೊಂಡು ಬೇರೆಯವರೂ ಮಾಡುತ್ತಾರೆ. ನನ್ನವು ಅಂಥವೇ.

ಮೊದಲು ಆ ಹಳೆಯ ಡ್ರೈವರ್ ಬಗ್ಗೆ ಒಂದು ಮಾತು, ಏಕೆಂದರೆ ಹೊಸಬರು ಮೊದಲು ಕೊಳ್ಳುವುದು ಅದನ್ನೇ. ಟಿಬಿ6600ಎಚ್‌ಜಿ ಎನ್ನುವುದು ತೋಷಿಬಾ ಕಂಪನಿಯ ಚಿಪ್. ಅದರಲ್ಲಿ ಮೈಕ್ರೋಸ್ಟೆಪ್, ಅಂದರೆ ಒಂದು ಸ್ಟೆಪ್ಪನ್ನು ಎಷ್ಟು ಭಾಗ ಮಾಡಬಹುದು ಎನ್ನುವುದು, 16ರವರೆಗೆ ಮಾತ್ರ. ನಿಮ್ಮ ಡಬ್ಬಿಯ ಮೇಲಿನ ಪಟ್ಟಿಯಲ್ಲಿ 32 ಕಂಡರೆ ಒಳಗಿರುವುದು ಆ ಚಿಪ್ ಅಲ್ಲವೇ ಅಲ್ಲ. ಹೆಚ್ಚಿನವುಗಳಲ್ಲಿ ಇರುವುದು ಟಿಬಿ67ಎಸ್109 ಎಂಬ, ಅದಕ್ಕಿಂತ ಚಿಕ್ಕ ಚಿಪ್. ಅದು ಕೆಟ್ಟ ಚಿಪ್ ಏನಲ್ಲ, ತೋಷಿಬಾದ್ದೇ. ಆದರೆ ಅದರ ಪರಮಾವಧಿ 4 ಆಂಪ್. ಡಬ್ಬಿಯ ಮೇಲೆ 4 ಆಂಪ್ ಎಂದು ಬರೆದರೆ ಚಿಪ್ಪನ್ನು ಅಂಚಿನಲ್ಲೇ ದುಡಿಸಿದಂತೆ. ಸಣ್ಣ 3018 ಮಷೀನಿಗೆ, ನೀಮಾ 17 ಮೋಟಾರಿಗೆ ಅದು ಚೆನ್ನಾಗಿಯೇ ಸಾಕು. ನೀಮಾ 23 ಹಾಕಿ ಗಟ್ಟಿ ಮರಕ್ಕೆ ಇಳಿದರೆ ಕಷ್ಟ.

ಡ್ರೈವರ್ ಬದಲಾಯಿಸಿದ ದಿನವೇ ಗೊತ್ತಾಗಿದ್ದು ಶಬ್ದದ ವ್ಯತ್ಯಾಸ. ವೋಲ್ಟೇಜ್ ಅದೇ, ಮೋಟಾರೂ ಅದೇ. ಮೊದಲು ವೈ ಆಕ್ಸಿಸ್ ಒಂದು ವೇಗಕ್ಕೆ ಬಂದ ಕೂಡಲೇ ಗುರ್ ಎಂದು ಇಡೀ ಚೌಕಟ್ಟು ನಡುಗುತ್ತಿತ್ತು. ಸ್ಟೆಪ್ ತಪ್ಪುತ್ತಿದ್ದದ್ದೂ ಹೆಚ್ಚಾಗಿ ಅಲ್ಲೇ. ಇದು ರೆಸೊನೆನ್ಸ್, ಎಲ್ಲ ಸ್ಟೆಪರ್‌ಗೂ ಇರುವ ಗುಣ. ಡಿಎಂ542 ಡಿಜಿಟಲ್ ಡ್ರೈವರ್. ಕಾಯಿಲ್‌ಗೆ ಹೋಗುವ ಕರೆಂಟನ್ನು ನಯವಾದ ಅಲೆಯಾಗಿ ಕೊಡುತ್ತದೆ, ನಡುಕವನ್ನು ಅಡಗಿಸುತ್ತದೆ. ಈಗ ಆ ವೇಗದಲ್ಲಿ ಸ್ಪಿಂಡಲ್ ಹೊತ್ತು ಓಡುವ ಗ್ಯಾಂಟ್ರಿ ಮೇಲೆ ಕೈ ಇಟ್ಟರೆ ಸಣ್ಣ ಜುಮ್ಮೆನ್ನುವಿಕೆ ಅಷ್ಟೇ. ಕೆತ್ತಿದ ಅಕ್ಷರದ ಗೋಡೆಯ ಮೇಲೆ ಮೊದಲು ಕಾಣುತ್ತಿದ್ದ ಸಣ್ಣ ಅಲೆಅಲೆ ಗೆರೆಗಳು ಹೋದವು. ಮರಳು ಕಾಗದದ ಕೆಲಸ ಕಡಿಮೆಯಾಯಿತು.

ಆಯ್ಕೆ ಮಾಡುವವರು ನೋಡಬೇಕಾದದ್ದು ವೋಲ್ಟೇಜ್ ಮತ್ತು ಕರೆಂಟಿನ ಹಿಡಿತ. ಮೈಕ್ರೋಸ್ಟೆಪ್ ಸಂಖ್ಯೆ ಆಮೇಲೆ.

ನನ್ನ ಮೋಟಾರಿನ ಕಾಯಿಲ್ 0.9 ಓಮ್. ಲೆಕ್ಕ ಹಾಕಿದರೆ 2.5 ವೋಲ್ಟಿಗೇ 2.8 ಆಂಪ್ ಹರಿಯಬೇಕು. ಹಾಗಾದರೆ 36 ವೋಲ್ಟ್ ಯಾಕೆ? ಕಾಯಿಲ್‌ನ ಇಂಡಕ್ಟನ್ಸ್ ಕರೆಂಟನ್ನು ತಟ್ಟನೆ ಏರಲು ಬಿಡುವುದಿಲ್ಲ. ಮೋಟಾರು ಜೋರಾಗಿ ತಿರುಗಿದಷ್ಟೂ ಏರಲು ಸಿಗುವ ಸಮಯ ಕಡಿಮೆ, ಜೊತೆಗೆ ತಿರುಗುವ ಮೋಟಾರು ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಹೆಚ್ಚು ವೋಲ್ಟೇಜಿನಿಂದ ತಳ್ಳಿದರೆ ಕರೆಂಟ್ ಬೇಗ ಏರುತ್ತದೆ, ಮಿತಿ ಮುಟ್ಟಿದ ಕೂಡಲೇ ಡ್ರೈವರ್ ಕತ್ತರಿಸುತ್ತದೆ. ಅದಕ್ಕೇ ಇವನ್ನು ಚಾಪರ್ ಡ್ರೈವರ್ ಎನ್ನುವುದು. ಡ್ರೈವರ್ ತಯಾರಿಸುವ ಗೆಕೊಡ್ರೈವ್ ಕಂಪನಿಯ ಮರಿಸ್ ಫ್ರೈಮಾನಿಸ್ ಕೊಟ್ಟ ಒಂದು ಸುಲಭ ಲೆಕ್ಕವಿದೆ: ಮಿಲಿಹೆನ್ರಿಯಲ್ಲಿ ಅಳೆದ ಇಂಡಕ್ಟನ್ಸಿನ ವರ್ಗಮೂಲವನ್ನು 32ರಿಂದ ಗುಣಿಸಿ, ಅದು ಆ ಮೋಟಾರಿಗೆ ಗರಿಷ್ಠ ವೋಲ್ಟೇಜ್. ನನ್ನದು 2.5 ಮಿಲಿಹೆನ್ರಿ, ಅಂದರೆ ಸುಮಾರು 50 ವೋಲ್ಟ್.

ಹಾಗಂತ ಡಿಎಂ542ಗೆ 48 ವೋಲ್ಟ್ ಕೊಡಬೇಡಿ. ಅದರ ಮಿತಿಯೇ 50. ಭಾರದ ಗ್ಯಾಂಟ್ರಿ ತಟ್ಟನೆ ನಿಂತಾಗ ಮೋಟಾರು ಜನರೇಟರಿನಂತೆ ವೋಲ್ಟೇಜನ್ನು ಹಿಂದಕ್ಕೆ ತಳ್ಳುತ್ತದೆ, ಆ ಎರಡು ವೋಲ್ಟಿನ ಅಂತರ ಸಾಲುವುದಿಲ್ಲ. 36 ಹದವಾಗಿದೆ. ಮೂರು ಮೋಟಾರಿಗೆ 2.8 ಆಂಪ್‌ನಂತೆ ಕೂಡಿಸಿ ದೊಡ್ಡ ಸಪ್ಲೈ ಹುಡುಕುವ ಅಗತ್ಯವೂ ಇಲ್ಲ. ಚಾಪರ್ ಆದ್ದರಿಂದ ಸಪ್ಲೈನಿಂದ ಎಳೆಯುವ ಕರೆಂಟ್ ಅದಕ್ಕಿಂತ ಕಡಿಮೆಯೇ ಇರುತ್ತದೆ.

ಕರೆಂಟ್ ಹೊಂದಿಸುವಾಗ ಪಟ್ಟಿಯ ಎರಡು ಕಾಲಮ್ಮನ್ನೂ ಓದಿ. ಒಂದು ಪೀಕ್, ಅಂದರೆ ಅಲೆಯ ತುದಿ. ಇನ್ನೊಂದು ಆರ್‌ಎಂಎಸ್, ಒಂದು ಬಗೆಯ ಸರಾಸರಿ. 4.20 ಎನ್ನುವುದು ಪೀಕ್, ಅದರ ಆರ್‌ಎಂಎಸ್ 3.00 ಮಾತ್ರ. 3.31 ಪೀಕ್ ಅಂದರೆ ಆರ್‌ಎಂಎಸ್ 2.36. ನಾನು ಎಕ್ಸ್ ಮತ್ತು ವೈಗೆ ಇಟ್ಟಿರುವುದು ಇದನ್ನೇ. ಮೋಟಾರು ಬಿಸಿಯಾಗುತ್ತದೆ, ಆದರೆ ಕೈ ಸುಡುವುದಿಲ್ಲ. ಬಲ ಸಾಲದೆ ಹೋದದ್ದಿಲ್ಲ.

ಮೈಕ್ರೋಸ್ಟೆಪ್ 8 ಇಟ್ಟಿದ್ದೇನೆ, ಪಟ್ಟಿಯಲ್ಲಿ ಸುತ್ತಿಗೆ 1600 ಎಂದಿರುವ ಸಾಲು. ಮಿಲಿಮೀಟರಿಗೆ 320 ಸ್ಟೆಪ್ ಸಿಗುತ್ತದೆ. ಅಗ್ಗದ ಬಾಲ್‌ಸ್ಕ್ರೂವಿನ ಸಡಿಲವೇ ಅದಕ್ಕಿಂತ ಜಾಸ್ತಿ ಇರುವಾಗ ಇನ್ನೂ ಸಣ್ಣ ಸ್ಟೆಪ್ ಯಾಕೆ ಬೇಕು, ಅಲ್ವಾ? 32 ಇಟ್ಟರೆ ಮಿಲಿಮೀಟರಿಗೆ 1280 ಆಗುತ್ತದೆ. ಊನೊ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಕೊಡಬಲ್ಲದ್ದು ಸುಮಾರು 30,000 ಪಲ್ಸ್. ಅಲ್ಲಿಗೆ ನಿಮಿಷಕ್ಕೆ 1,400 ಮಿಲಿಮೀಟರ್ ಹತ್ತಿರ ವೇಗ ಸಿಕ್ಕಿಹಾಕಿಕೊಳ್ಳುತ್ತದೆ. ಜೊತೆಗೆ ಒಂದೊಂದು ಸಣ್ಣ ಸ್ಟೆಪ್ಪಿನ ಹಿಂದೆ ಇರುವ ಬಲ ಪೂರ್ತಿ ಬಲದ ಶೇ. 5ರಷ್ಟೇ. ನಟ್ಟಿನ ತಿಕ್ಕಾಟಕ್ಕೇ ಅದು ಮುಗಿದುಹೋಗುತ್ತದೆ.

ಡ್ರೈವರ್ ಮೇಲಿನ ಪುಟ್ಟ ಸ್ವಿಚ್‌ಗಳಲ್ಲಿ ನಾಲ್ಕನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅದು ಆಫ್ ಇದ್ದರೆ ಮೋಟಾರು ನಿಂತಾಗ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಎಕ್ಸ್, ವೈಗೆ ಇದು ವರ, ಬಿಸಿ ಕಡಿಮೆ. ಮೇಲೆ ಕೆಳಗೆ ಹೋಗುವ ಜೆಡ್‌ಗೆ ಮಾತ್ರ ನಾನು ಆನ್ ಮಾಡಿದ್ದೇನೆ. ಬಾಲ್‌ಸ್ಕ್ರೂ ಭಾರಕ್ಕೆ ತಾನಾಗಿ ತಿರುಗಬಲ್ಲದು, ನೀರು ತಣಿಸುವ ಭಾರದ ಸ್ಪಿಂಡಲ್ ಅದಕ್ಕೆ ಜೋತುಬಿದ್ದಿರುವಾಗ ಹಿಡಿತ ಪೂರ್ತಿ ಇರಬೇಕು. ಡ್ರೈವರನ್ನು ಚಾಲೂ, ಬಂದ್ ಮಾಡುವ ಎನೇಬಲ್ ತಂತಿಯನ್ನು ಜೋಡಿಸಿಯೇ ಇಲ್ಲ. ಜೋಡಿಸದಿದ್ದರೆ ಡ್ರೈವರ್ ಯಾವಾಗಲೂ ಚಾಲೂ. ಜೋಡಿಸಿದವರು ಜಿಆರ್‌ಬಿಎಲ್‌ನಲ್ಲಿ $1=255 ಎಂದು ಹಾಕಲೇಬೇಕು, ಇಲ್ಲದಿದ್ದರೆ ನಿಂತ ತಕ್ಷಣ ಮೋಟಾರು ಸಡಿಲವಾಗುತ್ತದೆ.

ದೂರುಗಳೂ ಇವೆ. ನನ್ನ ಡ್ರೈವರ್‌ಗಳ ಸ್ಕ್ರೂ ಟರ್ಮಿನಲ್ ನಡುಕಕ್ಕೆ ಸಡಿಲವಾಗುತ್ತದೆ, ಆಗಾಗ ಬಿಗಿ ಮಾಡಬೇಕು. ತೊಂದರೆಯಾದಾಗ ಕೆಂಪು ದೀಪ ಮಿನುಗುತ್ತದೆ, ಕಾರಣ ಹುಡುಕಲು ಕೈಪಿಡಿ ತೆರೆಯಲೇಬೇಕು. ಎಂಡಿಎಫ್ ಧೂಳು ಹೀಟ್‌ಸಿಂಕಿನ ಸಂದಿಗೆ ಸೇರುತ್ತದೆ. ಡ್ರೈವರ್‌ಗಳನ್ನು ನಿಲ್ಲಿಸಿ ಜೋಡಿಸಿ, ನಡುವೆ ಜಾಗ ಬಿಟ್ಟು, ಫ್ಯಾನಿಗೆ ಜಾಲರಿ ಹಾಕಿದ ಮೇಲೆ ಬೇಸಿಗೆಯಲ್ಲೂ ತೊಂದರೆ ಬಂದಿಲ್ಲ.

ಸ್ವಂತ ಬೋರ್ಡ್ ಕಟ್ಟುವ ಆಸೆ ಇರುವವರಿಗೆ: ಎಲ್297 ಮತ್ತು ಎಲ್298 ಚಿಪ್‌ಗಳ ಜೋಡಿ ಕಲಿಯಲು ಈಗಲೂ ಅತ್ಯುತ್ತಮ. ಚಾಪಿಂಗ್ ಹೇಗೆ ನಡೆಯುತ್ತದೆ ಎಂದು ಆಸಿಲೋಸ್ಕೋಪ್ ಹಿಡಿದು ಕಣ್ಣಾರೆ ನೋಡಬಹುದು. ಆದರೆ 2 ಆಂಪ್‌ಗೆ ಮುಗಿಯಿತು, ಅರ್ಧ ಸ್ಟೆಪ್‌ಗಿಂತ ನಯ ಬರುವುದಿಲ್ಲ, ವೇಗದ ಡಯೋಡ್‌ಗಳನ್ನು ನೀವೇ ಹಾಕಬೇಕು. ಕಲಿಯಲು ಕಟ್ಟಿ, ದುಡಿಯುವ ಮಷೀನಿಗೆ ಕೊಳ್ಳಿ. ಟಿಎಂಸಿ2209 ಸದ್ದಿಲ್ಲದ ಅದ್ಭುತ ಚಿಪ್, ಆದರೆ ಅದರ 29 ವೋಲ್ಟ್ ಮತ್ತು 2 ಆಂಪ್ ಮಿತಿ ತ್ರೀಡಿ ಪ್ರಿಂಟರಿಗೆ ಸರಿ. ಮೋಟಾರು ಎಲ್ಲಿದೆ ಎಂದು ಹೇಳುವ ಎನ್‌ಕೋಡರ್ ಇಟ್ಟು, ತಪ್ಪಿದ ಸ್ಟೆಪ್ಪನ್ನು ತಾನೇ ಸರಿಪಡಿಸುವ ಕ್ಲೋಸ್ಡ್ ಲೂಪ್ ಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ಅಲ್ಯೂಮಿನಿಯಂ ಕತ್ತರಿಸುವವರಾದರೆ ಹೌದು. ಮರ, ಅಕ್ರಿಲಿಕ್ ಮಾತ್ರ ಆದರೆ ಆ ಹಣದಲ್ಲಿ ಒಳ್ಳೆಯ ಕೇಬಲ್, ಶೀಲ್ಡ್ ಇರುವಂಥದ್ದು, ಮತ್ತು ಒಂದು ಹೆಚ್ಚುವರಿ ಡ್ರೈವರ್ ತಂದಿಡಿ. ಮತ್ತೆ, ಪವರ್ ಇರುವಾಗ ಮೋಟಾರಿನ ತಂತಿಯನ್ನು ಯಾವ ಕಾರಣಕ್ಕೂ ಕೀಳಬೇಡಿ. ಕಾಯಿಲ್‌ನಿಂದ ಹೊಮ್ಮುವ ವೋಲ್ಟೇಜ್ ಎಂಥ ಒಳ್ಳೆಯ ಡ್ರೈವರನ್ನೂ ಕೊಲ್ಲುತ್ತದೆ.