ಡಿಸಿಎಸ್ ಸೂಪರ್‌ಕ್ಯಾರಿಯರ್: ಹಡಗಿನ ಮೇಲೆ ಇಳಿಯುವ ವಿಡಿಯೊ ಮಾಡುವವರಿಗೆ ತಕ್ಕುದೇ?

ವಿಮಾನವಾಹಕ ಹಡಗಿನ ಮೇಲೆ ಇಳಿಯಲು ಡಿಸಿಎಸ್ ವರ್ಲ್ಡ್ ಎಂಬ ಕಂಪ್ಯೂಟರ್ ವಿಮಾನ ಆಟದಲ್ಲಿ ಹಡಗಿಗೆ ದುಡ್ಡು ಕೊಡಲೇಬೇಕೆಂದೇನಿಲ್ಲ. ಪುಕ್ಕಟೆ ಬರುವ ಸ್ಟೆನಿಸ್ ಹಡಗಿನಲ್ಲೂ ವಿಮಾನವನ್ನು ಹಿಡಿದು ನಿಲ್ಲಿಸುವ ತಂತಿ ಇದೆ, ವಿಮಾನದ ಬಾಲದ ಹುಕ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆದರೆ ಡೆಕ್ ಮೇಲೆ ನರಪಿಳ್ಳೆ ಇಲ್ಲ, ವಿಡಿಯೊದಲ್ಲಿ ಅದು ಎದ್ದು ಕಾಣುತ್ತದೆ. ಆಟದ ತಯಾರಕರಾದ ಈಗಲ್ ಡೈನಾಮಿಕ್ಸ್ 2020ರಲ್ಲಿ ಹೊರತಂದ, ದುಡ್ಡು ಕೊಟ್ಟು ಕೊಳ್ಳುವ ಸೂಪರ್‌ಕ್ಯಾರಿಯರ್ ಮಾಡ್ಯೂಲ್ ಈ ಕೊರತೆ ನೀಗುತ್ತದೆ: ಬಣ್ಣದ ಜರ್ಸಿ ತೊಟ್ಟ ಡೆಕ್ ಸಿಬ್ಬಂದಿ, ರೇಡಿಯೊ ಮಾತು, ಎಲ್ಲಕ್ಕಿಂತ ಮಿಗಿಲಾಗಿ ಎಲ್‌ಎಸ್‌ಒ (ಇಳಿಯುವ ಪೈಲಟ್‌ಗೆ ಡೆಕ್‌ನಿಂದ ಸೂಚನೆ ಕೊಡುವ ಅಧಿಕಾರಿ) ನಿಲ್ಲುವ ಕಟ್ಟೆ.

ವಿಡಿಯೊ ಮಾಡುವವರು ದುಡ್ಡು ಕೊಡಬೇಕಾದದ್ದು ಆ ಕಟ್ಟೆಗೇ. ಎಡ ಆಲ್ಟ್ ಜೊತೆ ಎಫ್9 ಒತ್ತಿದರೆ ಹಡಗಿನ ಹಿಂಭಾಗದ ಎಡ ಅಂಚಿನಲ್ಲಿ ನಿಂತು, ವಿಮಾನ ನೇರ ಮುಖದ ಮೇಲೆ ಬರುವುದನ್ನು ನೋಡಬಹುದು. ಎಫ್2 ಹೊರನೋಟದಲ್ಲಿ ವಿಮಾನ ತೇಲುತ್ತಿರುವಂತೆ ಕಾಣುತ್ತದೆ. ಇಲ್ಲಿ ಅದು ಬೀಳುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಎಂಜಿನ್ ಪವರ್ ಏರಿಳಿಯುವ ಸದ್ದೂ ಸರಿಯಾಗಿ ಕೇಳುತ್ತದೆ. ಒಂದು ಷರತ್ತಿದೆ: ರೇಡಿಯೊ ಮೆನುವಿನಿಂದ ‘ಇನ್‌ಬೌಂಡ್’ (ಬರುತ್ತಿದ್ದೇನೆ), ಆಮೇಲೆ ‘ಸೀ ಯು ಅಟ್ 10’ (ಹಡಗು ಕಣ್ಣಿಗೆ ಬಿದ್ದಿದೆ), ಕೊನೆಗೆ ‘ಬಾಲ್’ (ಇಳಿಯುವ ದಾರಿ ತೋರುವ ಡೆಕ್ಕಿನ ದೀಪ ಕಾಣುತ್ತಿದೆ), ಈ ಕ್ರಮ ತಪ್ಪಿಸಿದರೆ ಎಲ್‌ಎಸ್‌ಒ ಬಾಯಿ ಬಿಡುವುದಿಲ್ಲ, ಇಳಿದದ್ದಕ್ಕೆ ಗ್ರೇಡೂ ಕೊಡುವುದಿಲ್ಲ.

ದೊಡ್ಡ ತಲೆನೋವು ರಿಪ್ಲೇ. ಹಾರಾಟವನ್ನು ಮತ್ತೆ ನೋಡಲು ಡಿಸಿಎಸ್ ಉಳಿಸುವ ಟ್ರ್ಯಾಕ್ ಫೈಲ್ ವಿಡಿಯೊ ಅಲ್ಲ. ನಿಮ್ಮ ಸ್ಟಿಕ್, ಥ್ರಾಟಲ್ ಚಲನೆಯನ್ನಷ್ಟೇ ಬರೆದಿಟ್ಟುಕೊಂಡು, ಪ್ರತಿ ಸಲ ಹಾರಾಟವನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಟ್ರ್ಯಾಕ್ ಉದ್ದವಾದಷ್ಟೂ ಲೆಕ್ಕ ಜಾರುತ್ತದೆ. ಮೂರನೇ ತಂತಿ ಹಿಡಿದ ಹಾರಾಟ ರಿಪ್ಲೇಯಲ್ಲಿ ಹಡಗಿನ ಹಿಂಬದಿಗೆ ಡಿಕ್ಕಿ ಹೊಡೆದು ಉರಿಯುತ್ತದೆ. ಹಿಂದಕ್ಕೆ ಸರಿಸುವ ಗುಂಡಿಯೂ ಇಲ್ಲ. ನೋಡುವಾಗ ಟೈಮ್ ಆಕ್ಸಿಲರೇಷನ್ (ಬೇಗ ಓಡಿಸುವ ಸೌಲಭ್ಯ) ಮುಟ್ಟಿದರೆ ಇನ್ನೂ ಕೆಡುತ್ತದೆ. ಆವೃತ್ತಿ ಬದಲಾದ ಮೇಲೆ ಹಳೇ ಟ್ರ್ಯಾಕ್ ನಂಬಲೇಬೇಡಿ.

ಹಾಗಾಗಿ ಮಿಷನ್ ಚಿಕ್ಕದಿರಲಿ. ಹಾರ್ನೆಟ್ (ಎಫ್/ಎ-18 ಯುದ್ಧವಿಮಾನ) ಅನ್ನು ಹಡಗಿನ ಹಿಂದೆ ಐದಾರು ಮೈಲಿ ದೂರದಲ್ಲಿ, 800 ಅಡಿ ಎತ್ತರದಲ್ಲಿ, 350 ನಾಟ್ ವೇಗದಲ್ಲಿ ಗಾಳಿಯಲ್ಲೇ ಶುರು ಮಾಡಿಸಿ. ಇಂಧನ 5,000 ಪೌಂಡ್ ಆಸುಪಾಸು ಸಾಕು. ಹಡಗು ನಿಂತಲ್ಲೇ ನಿಂತಿರಬಾರದು: ಅದರ ವೇಗ, ಎದುರುಗಾಳಿ ಸೇರಿ ಡೆಕ್ ಮೇಲೆ 25 ನಾಟ್‌ನಷ್ಟು ಗಾಳಿ ಬೇಕು, ಇಲ್ಲದಿದ್ದರೆ ವಿಮಾನ ನುಗ್ಗಿಕೊಂಡು ಬರುತ್ತದೆ. ಇಳಿಯುವ ಪಟ್ಟಿ ಎಡಕ್ಕೆ ಸುಮಾರು 9 ಡಿಗ್ರಿ ತಿರುಗಿರುವುದರಿಂದ, ಹಡಗು ಮುಂದೆ ಸಾಗಿದಂತೆ ಪಟ್ಟಿ ಬಲಕ್ಕೆ ಸರಿಯುತ್ತಿರುತ್ತದೆ; ಚೂರು ಚೂರೇ ಬಲಕ್ಕೆ ತಿದ್ದುತ್ತಿರಬೇಕು. ಆಂಗಲ್ ಆಫ್ ಅಟ್ಯಾಕ್ (ಎದುರು ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ) 8.1 ಡಿಗ್ರಿ, ಕೊನೆಯ ನೇರ ಓಟ 15ರಿಂದ 18 ಸೆಕೆಂಡು. ಚಕ್ರ ತಾಗಿದೊಡನೆ ಥ್ರಾಟಲ್ ಪೂರ್ತಿ ಮುಂದಕ್ಕೆ. ಹುಕ್ ತಂತಿ ತಪ್ಪಿದರೆ ಮತ್ತೆ ಮೇಲೇಳಲು ಆ ಪವರ್ ಬೇಕು. ಗೊತ್ತಿದ್ದವರು ವಿಡಿಯೊದಲ್ಲಿ ಮೊದಲು ನೋಡುವುದೂ ಅದನ್ನೇ.

ಹಾರಾಟ ಮುಗಿದ ಮೇಲೆ ಬರುವ ಡಿಬ್ರೀಫ್ ಪರದೆಯಲ್ಲಿ ಟ್ರ್ಯಾಕ್ ಸೇವ್ ಮಾಡಿ. ಕಾಕ್‌ಪಿಟ್ ನೋಟವನ್ನು ಮಾತ್ರ ಹಾರಿಸುವಾಗಲೇ ಒಬಿಎಸ್‌ನಲ್ಲಿ (ಪರದೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ರೆಕಾರ್ಡ್ ಮಾಡಿಕೊಳ್ಳಿ. ರಿಪ್ಲೇ ಕೈಕೊಟ್ಟರೂ ಅಷ್ಟು ಉಳಿಯುತ್ತದೆ. ಆಮೇಲೆ ಟ್ರ್ಯಾಕನ್ನು ಎರಡು ಸಲ ಓಡಿಸಿ, ಒಮ್ಮೆ ಹೊರನೋಟ, ಒಮ್ಮೆ ಎಲ್‌ಎಸ್‌ಒ ಕಟ್ಟೆ. ಎಡಿಟಿಂಗ್‌ನಲ್ಲಿ ಮೂರನ್ನೂ ಚಕ್ರ ಡೆಕ್ಕಿಗೆ ಅಪ್ಪಳಿಸುವ ಕ್ಷಣಕ್ಕೆ ಕೂಡಿಸಿದರೆ ಸಾಕು, ಬೇರೆ ಗುರುತು ಬೇಡ. ಕೆಳಗಿನ ಮಾಹಿತಿ ಪಟ್ಟಿಯನ್ನು ಎಡ ಕಂಟ್ರೋಲ್ ಜೊತೆ ವೈ ಒತ್ತಿ ಮರೆಮಾಡಿ.

ಒಬಿಎಸ್‌ನಲ್ಲಿ ಗೇಮ್ ಕ್ಯಾಪ್ಚರ್, 60 ಫ್ರೇಮ್, ಸಿಕ್ಯೂಪಿ (ಗುಣಮಟ್ಟದ ಅಂಕ, ಕಡಿಮೆಯಿದ್ದಷ್ಟೂ ಚಿತ್ರ ಚೆನ್ನ) 18ರಿಂದ 20. ಸಮುದ್ರದ ಅಲೆ ಬಿಟ್‌ರೇಟ್ ನುಂಗುತ್ತದೆ. ಅದಕ್ಕಿಂತ ಜಿಪುಣತನ ಮಾಡಿದರೆ ನೀರು ಚೌಕಚೌಕವಾಗಿ ಒಡೆಯುತ್ತದೆ. ಎಂಕೆವಿ ಫೈಲಾಗಿ ಉಳಿಸಿ, ಆಮೇಲೆ ರಿಮಕ್ಸ್ ಮಾಡಿ (ಗುಣಮಟ್ಟ ಕೆಡದಂತೆ ಎಂಪಿ4ಗೆ ಬದಲಿಸಿ). ಆಟವೇ 60 ಫ್ರೇಮ್ ಮುಟ್ಟದಿದ್ದರೆ ಡೆಕ್ ಮೇಲೆ ನಿಲ್ಲಿಸಿದ ವಿಮಾನಗಳನ್ನು ಕಡಿಮೆ ಮಾಡಿ, ಕಾಕ್‌ಪಿಟ್ ಕನ್ನಡಿ ಆಫ್ ಮಾಡಿ. ಯೂಟ್ಯೂಬಿಗೆ ಹಾಕುವ ಮುನ್ನ 1080ರ ವಿಡಿಯೊವನ್ನು 1440ಕ್ಕೆ ಹಿಗ್ಗಿಸಿದರೆ ಸಂಕೋಚನದ ಹೊಡೆತ ಕಡಿಮೆ. ರಾತ್ರಿ ಲ್ಯಾಂಡಿಂಗಿಗಂತೂ ಇದು ಬೇಕೇ ಬೇಕು.

ಕಾರವಾರದಲ್ಲಿ ನೆಲೆಯಿರುವ ನಮ್ಮ ವಿಮಾನವಾಹಕ ವಿಕ್ರಮಾದಿತ್ಯ ಇದರಲ್ಲಿದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಅದರಂತೆಯೇ ಸ್ಕೀ-ಜಂಪ್ (ವಿಮಾನ ಮೇಲೇಳಲು ಡೆಕ್ಕಿನ ಮುಂತುದಿಯ ಏರು) ಇರುವ ರಷ್ಯಾದ ಕುಜ್ನೆಟ್ಸೊವ್ ಆಟದಲ್ಲಿದೆ. ಅದಕ್ಕೆ ಸುಖೋಯ್-33 ಬೇಕು.

ಸೂಪರ್‌ಕ್ಯಾರಿಯರ್ ಜೊತೆ ಯಾವ ವಿಮಾನವೂ ಬರುವುದಿಲ್ಲ, ಹಾರ್ನೆಟ್ ಬೇರೆಯೇ ಕೊಳ್ಳಬೇಕು. ಎರಡೂ ಸೇರಿದರೆ ಜೇಬಿಗೆ ಭಾರ. ಮೊದಲು ಹಾರ್ನೆಟ್‌ನ 14 ದಿನದ ಟ್ರಯಲ್ ತೆಗೆದುಕೊಂಡು ಸ್ಟೆನಿಸ್ ಮೇಲೆ ಕೈ ಪಳಗಿಸಿ. ತಂತಿ ಹಿಡಿಯುವುದು ಕೂಡಿಬಂದ ಮೇಲೆ, ಸೇಲ್ ಬಂದಾಗ ಸೂಪರ್‌ಕ್ಯಾರಿಯರ್ ಕೊಳ್ಳಿ.