ಲಾಡ್ಜ್ ರಿಸೆಪ್ಷನ್ ಕೆಲಸಕ್ಕೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ಎದ್ದು ಬನ್ನಿ

ಪಿಯುಸಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಲಾಡ್ಜ್‌ನಲ್ಲಿ ರಿಸೆಪ್ಷನ್ ಕೆಲಸ ಇದೆ, ಊಟ ವಸತಿ ಫ್ರೀ, ಅನುಭವ ಬೇಡ ಅಂತ ಯಾರಾದರೂ ಹೇಳಿದರೆ ತಕ್ಷಣ ಬ್ಯಾಗ್ ಕಟ್ಟಬೇಡಿ. ನನಗೆ ಆಗಿದ್ದನ್ನು ಮೊದಲು ಓದಿ.

ನಾನು ಹಾಸನ ಜಿಲ್ಲೆಯ ಹಳ್ಳಿಯವನು. ಸೆಕೆಂಡ್ ಪಿಯುಸಿ ಮುಗಿದಾಗ 17 ವರ್ಷ. ಆ ಸಲ ಶುಂಠಿಗೆ ಕೊಳೆ ರೋಗ ಬಂದು ಹಾಕಿದ ದುಡ್ಡೂ ಕೈಗೆ ಬರಲಿಲ್ಲ, ಅಪ್ಪನ ಹತ್ತಿರ ಕಾಲೇಜು ಫೀಸ್ ಕೇಳೋಕೆ ನನಗೇ ಮನಸ್ಸಾಗಲಿಲ್ಲ. ಊರಿನವರೊಬ್ಬರು ಮೈಸೂರಿನಲ್ಲಿ ಕೆಲಸ ಇದೆ ಅಂದರು. ತಿಂಗಳಿಗೆ 12 ಸಾವಿರ, ಹಗಲು ಡ್ಯೂಟಿ, ಕೂತು ಮಾಡೋ ಕೆಲಸ. ಮೈಸೂರಿನಲ್ಲೇ ಮುಕ್ತ ವಿಶ್ವವಿದ್ಯಾನಿಲಯ ಇದೆಯಲ್ಲ, ದುಡಿಯುತ್ತಾ ಅಲ್ಲೇ ಬಿಎ ಕಟ್ಟಬಹುದು ಅಂತ ಲೆಕ್ಕ ಹಾಕಿದೆ. ಅಮ್ಮನಿಗೂ ಅದೇ ಸಮಾಧಾನ.

ಇಂಟರ್‌ವ್ಯೂ ಐದು ನಿಮಿಷವೂ ಆಗಲಿಲ್ಲ. ಮ್ಯಾನೇಜರ್ ಕೇಳಿದ್ದು ಎರಡೇ. ಇಂಗ್ಲಿಷ್ ಸ್ವಲ್ಪ ಬರುತ್ತಾ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಂದಿದ್ದೀಯಾ? "ಎಲ್ಲಾ ಹುಡುಗರದ್ದೂ ಇಟ್ಕೊಳ್ತೀವಿ ಮರಿ, ಇಲ್ಲಿದ್ರೆ ಸೇಫ್" ಅಂದರು. ಕೊಟ್ಟುಬಿಟ್ಟೆ. ಆಧಾರ್ ಜೆರಾಕ್ಸ್ ಕೂಡ ಕೊಟ್ಟೆ, ಅದರಲ್ಲಿ ನನ್ನ ಹುಟ್ಟಿದ ತಾರೀಖು ಕಣ್ಣಿಗೆ ಕಾಣುವ ಹಾಗೆ ಇತ್ತು. ನನ್ನ ವಯಸ್ಸು ಅವರಿಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಆಮೇಲೆ ಒಂದು ಬಾಂಡ್ ಪೇಪರ್ ಮುಂದಿಟ್ಟರು. ಒಂದು ವರ್ಷ ಬಿಡುವ ಹಾಗಿಲ್ಲ, ಬಿಟ್ಟರೆ 25 ಸಾವಿರ ಕಟ್ಟಬೇಕು. ಅದಕ್ಕೂ ಸಹಿ ಹಾಕಿದೆ. ನನಗೆ ಮಾತ್ರ ಅಪಾಯಿಂಟ್‌ಮೆಂಟ್ ಲೆಟರ್ ಅಂತ ಒಂದು ಚೀಟಿಯನ್ನೂ ಕೊಡಲಿಲ್ಲ.

ಕೆಲಸ ನನಗೆ ಇಷ್ಟ ಆಗಿತ್ತು, ಅದನ್ನೂ ಹೇಳಬೇಕು. ಬಂದವರ ಐಡಿ ನೋಡಿ ಜೆರಾಕ್ಸ್ ತೆಗೆಯುವುದು, ರಿಜಿಸ್ಟರ್‌ನಲ್ಲಿ ಹೆಸರು, ವಿಳಾಸ, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ ಅಂತ ಬರೆಸಿ ಸಹಿ ಹಾಕಿಸುವುದು, ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ತುಂಬಿದ ಫಾರ್ಮ್ ಸಿ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಕಳಿಸುವುದು, ಇದೆಲ್ಲ ಎರಡು ವಾರದಲ್ಲಿ ಕಲಿತೆ. ರಾತ್ರಿ ಮಗು ಅಳುತ್ತಿದೆ, ಬಿಸಿ ಹಾಲು ಬೇಕು ಅಂತ ಯಾರೋ ತಾಯಿ ಕೇಳಿದಾಗ ಎಲ್ಲಿಂದಾದರೂ ತಂದುಕೊಟ್ಟರೆ ಸಿಗುವ ಖುಷಿ ಬೇರೆ. ಕೆಲಸದಲ್ಲಿ ದೋಷ ಇಲ್ಲ. ಆ ಕೌಂಟರ್‌ಗೆ 17 ವರ್ಷದವನೇ ಯಾಕೆ ಬೇಕಿತ್ತು ಅನ್ನೋದು ಮಾತ್ರ ನನಗೆ ತಡವಾಗಿ ಅರ್ಥ ಆಯಿತು.

ಹಗಲು ಡ್ಯೂಟಿ ಇದ್ದದ್ದು ಒಂದೇ ವಾರ. ಆಮೇಲೆ ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ಒಳಗೆ ನಾನೊಬ್ಬ, ಗೇಟ್ ಹತ್ತಿರ ವಾಚ್‌ಮನ್ ಒಬ್ಬರು, ಅವರಿಗೂ ಅರವತ್ತು ದಾಟಿತ್ತು. ಕುಡಿದು ಬಂದು ರೂಮ್ ಇಲ್ಲ ಅಂದರೆ ಕೌಂಟರ್ ಹತ್ತಿ ಕಾಲರ್ ಹಿಡಿಯುವವರನ್ನು ನಾನೇ ನೋಡಿಕೊಳ್ಳಬೇಕಿತ್ತು. ವಸತಿ ಅಂದದ್ದು ಬೆಡ್‌ಶೀಟ್, ಟವೆಲ್ ಜೋಡಿಸಿಡುವ ರೂಮು. ಹಗಲಲ್ಲಿ ರೂಮ್ ಬಾಯ್‌ಗಳು ಗಳಿಗೆಗೊಂದು ಸಲ ಬಾಗಿಲು ತೆಗೆಯುತ್ತಿದ್ದರು, ನಿದ್ದೆ ಎಲ್ಲಿ ಬರುತ್ತೆ? 12 ಸಾವಿರ ಅಂದದ್ದು ಕೈಗೆ ಬರುವಾಗ 9 ಸಾವಿರ ಆಯಿತು. ಉಳಿದದ್ದು ಊಟ ವಸತಿಗಂತೆ. ಫ್ರೀ ಅಂದಿದ್ದರಲ್ವಾ ಸಾರ್ ಅಂದರೆ, "ಬೇಡ ಅಂದ್ರೆ ಬಿಟ್ಟು ಹೋಗು, ಬಾಂಡ್ ಇದೆ ನೆನಪಿರಲಿ" ಅಂದರು.

ಇದಕ್ಕಿಂತ ಕೆಟ್ಟದ್ದು ಕ್ಯಾಷ್ ವಿಷಯ. ಡ್ರಾಯರ್‌ನ ಕೀ ಮೂರು ಜನರ ಹತ್ತಿರ ಇತ್ತು. ಸಹಿ ಮಾತ್ರ ನನ್ನದು. ಸಂಜೆ ಶಿಫ್ಟ್‌ನವರು ಎಣಿಸದೇ "ಎಲ್ಲಾ ಸರಿ ಇದೆ, ಹಾಕು" ಅಂತ ಪುಸ್ತಕ ತಳ್ಳಿ ಹೋಗುತ್ತಿದ್ದರು, ನಾನು ದೊಡ್ಡವರನ್ನು ನಿಲ್ಲಿಸಿ ಎಣಿಸಿ ಅನ್ನೋಕೆ ಹೆದರಿ ಸಹಿ ಹಾಕುತ್ತಿದ್ದೆ. ಬೆಳಗ್ಗೆ ಲೆಕ್ಕ ಮಾಡಿದರೆ ಐನೂರು ಶಾರ್ಟೇಜ್, ಇನ್ನೊಂದು ದಿನ ಸಾವಿರ. ಎಲ್ಲ ನನ್ನ ಸಂಬಳದಲ್ಲಿ ಕಟ್. ಹೀಗೆ ನಷ್ಟ ಅಂತ ಕಟ್ ಮಾಡುವ ಮೊದಲು ನೌಕರನ ಮಾತು ಕೇಳಬೇಕು ಅಂತ ಕಾನೂನೇ ಇದೆ. ಅದು ನನಗೆ ಆಗ ಗೊತ್ತಿರಲಿಲ್ಲ.

ದಸರಾ ಬಂತು. ಆಗ ಮೈಸೂರಿನಲ್ಲಿ ರೂಮ್ ಸಿಗೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಬೇರೆ ದಿನ ಸಾವಿರ ರೂಪಾಯಿಯ ರೂಮಿಗೆ ನಾಲ್ಕು ಸಾವಿರ ಹೇಳು ಅಂದರು. ಅದಾದರೂ ಇರಲಿ. ಆನ್‌ಲೈನ್‌ನಲ್ಲಿ ಬುಕ್ ಆಗಿದ್ದ ರೂಮ್‌ಗಳನ್ನೇ ಜಾಸ್ತಿ ದುಡ್ಡಿಗೆ ಬೇರೆಯವರಿಗೆ ಕೊಟ್ಟರು, ಬುಕ್ ಮಾಡಿದವರು ಮಕ್ಕಳು ಮರಿ ಕಟ್ಟಿಕೊಂಡು ಬಂದಾಗ ರೂಮಿಲ್ಲ ಅಂತ ಮುಖ ನೋಡಿ ಹೇಳಬೇಕಾಗಿದ್ದು ನಾನು. ಬೈಗುಳ ತಿಂದೆ. ಅವರು ಬೈದದ್ದರಲ್ಲಿ ತಪ್ಪಿರಲಿಲ್ಲ. ಕ್ಯಾಷ್ ಕೊಟ್ಟು ಬಂದವರ ಕೆಲವು ರೂಮ್‌ಗಳಿಗೆ "ಎಂಟ್ರಿ ಹಾಕಬೇಡ" ಅಂತ ಹೇಳಿದರು. ಐಡಿಯೂ ಇಲ್ಲ, ಹೆಸರೂ ಇಲ್ಲ. ಬೇಡ ಸಾರ್ ಅಂದೆ. "ಹೇಳಿದಷ್ಟು ಮಾಡೋ" ಅಂದರು.

ಜಂಬೂಸವಾರಿ ದಿನ ರಾತ್ರಿ, ಬನ್ನಿಮಂಟಪದ ಪಂಜಿನ ಕವಾಯತು ಮುಗಿಸಿ ಜನ ವಾಪಸ್ ಬರುತ್ತಿದ್ದ ಹೊತ್ತಿಗೆ ಪೊಲೀಸರು ಚೆಕಿಂಗ್‌ಗೆ ಬಂದರು. ರಿಜಿಸ್ಟರ್ ಪ್ರಕಾರ ಖಾಲಿ ಇರಬೇಕಾದ ಐದು ರೂಮಿನಲ್ಲಿ ಜನ ಇದ್ದರು. ಪುಸ್ತಕದ ತುಂಬ ನನ್ನ ಕೈಬರಹ. ಮ್ಯಾನೇಜರ್ ನನ್ನ ಪಕ್ಕದಲ್ಲೇ ನಿಂತು, "ನೈಟ್ ಹುಡುಗ ಸಾರ್, ಇವನೇ ಏನೋ ಮಾಡಿಕೊಂಡಿದ್ದಾನೆ" ಅಂದುಬಿಟ್ಟರು. ನನ್ನ ಕಾಲಿನಲ್ಲಿ ಬಲವೇ ಇರಲಿಲ್ಲ.

ಆ ದಿನ ಬಂದಿದ್ದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ನನ್ನನ್ನೇ ನೋಡುತ್ತಾ, "ಏನಪ್ಪಾ, ಎಷ್ಟು ವಯಸ್ಸು ನಿಂಗೆ?" ಅಂತ ಕೇಳಿದರು. ಹದಿನೇಳು ಅಂದೆ. ಮ್ಯಾನೇಜರ್ ಮಾತು ಅಲ್ಲೇ ತಿರುಗಿತು. ಇವನು ಕೆಲಸದವನಲ್ಲ, ಓನರ್ ಸಂಬಂಧಿಕರ ಹುಡುಗ, ದಸರಾ ನೋಡೋಕೆ ಬಂದಿದ್ದಾನೆ! ನಾಲ್ಕು ತಿಂಗಳು ರಾತ್ರಿಯೆಲ್ಲ ಎದ್ದು ಕೂತವನನ್ನು ಒಂದೇ ಮಾತಿನಲ್ಲಿ ಅಳಿಸಿಬಿಟ್ಟರು. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಲೆಟರ್ ಇಲ್ಲ. ನಾನು ಅಲ್ಲಿ ಕೆಲಸ ಮಾಡಿದ್ದೆ ಅನ್ನೋದಕ್ಕೆ ಉಳಿದಿದ್ದು ತಪ್ಪು ಹೊರಿಸೋಕೆ ಬಳಸಿದ ಆ ಕೈಬರಹ ಒಂದೇ.

ಬೆಳಗ್ಗೆ ಮಾವನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಮ್ಮನ ತಮ್ಮ, ಮಂಡ್ಯದಲ್ಲಿದ್ದಾರೆ. ಮೊದಲ ಬಸ್ಸಿಗೆ ಬಂದರು. ಮಾರ್ಕ್ಸ್ ಕಾರ್ಡ್ ಕೇಳಿದರೆ ಲಾಡ್ಜ್‌ನವರು 25 ಸಾವಿರ ಕಟ್ಟಿ ಅಂದರು. ಮಾವ ಜಗಳ ಆಡಲಿಲ್ಲ, ನನ್ನನ್ನು ನೇರ ಕಾರ್ಮಿಕ ಇಲಾಖೆ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿ ಗೊತ್ತಾಗಿದ್ದನ್ನು ನೀವೂ ತಿಳಿದಿರಿ. 14ರಿಂದ 18 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಬಿಡುವೂ ಸೇರಿ ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಇರಿಸಿಕೊಳ್ಳುವ ಹಾಗಿಲ್ಲ. ಓವರ್‌ಟೈಮ್ ಇಲ್ಲ. ವಾರಕ್ಕೊಂದು ರಜೆ ಕೊಡಲೇಬೇಕು. ಸಂಜೆ ಏಳರಿಂದ ಬೆಳಗ್ಗೆ ಎಂಟರವರೆಗೆ ಕೆಲಸ ಮಾಡಿಸುವ ಹಾಗೇ ಇಲ್ಲ. 1986ರ ಬಾಲ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿ ಈ ವಯಸ್ಸಿನವರಿಗೂ ಈ ರಕ್ಷಣೆ ಬಂದಿದೆ. ನನ್ನ ಡ್ಯೂಟಿ ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ಅಂದರೆ ಅದರ ಒಂದೊಂದು ನಿಮಿಷವೂ ಕಾನೂನಿಗೆ ವಿರುದ್ಧ ಇತ್ತು. ಇನ್ನು ಆ ಬಾಂಡ್, ಅದಕ್ಕೆ ಹೆದರಿ ಎಷ್ಟೋ ರಾತ್ರಿ ಓಡಿ ಹೋಗದೇ ಕೂತಿದ್ದೆನಲ್ಲ, 18 ತುಂಬದವರು ಮಾಡಿಕೊಂಡ ಕರಾರಿಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲವಂತೆ.

ಮಾವ ದೂರು ಬರೆದುಕೊಟ್ಟು ಅದರ ನಕಲು ಹಿಡಿದು ಲಾಡ್ಜ್‌ಗೆ ಹೋದರು. ಅರ್ಧ ಗಂಟೆಯಲ್ಲಿ ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಶಾರ್ಟೇಜ್ ಅಂತ ಕಟ್ ಮಾಡಿದ 8,400 ರೂಪಾಯಿ ಇವತ್ತಿಗೂ ಬಂದಿಲ್ಲ. ಬಿಎಗೆ ಅಡ್ಮಿಷನ್ ಮಾಡಿಸೋಕೆ ಒರಿಜಿನಲ್ ಬೇಕಿತ್ತು, ಆ ಸಲದ ಕೊನೆಯ ದಿನ ಅಷ್ಟರಲ್ಲಿ ಮುಗಿದುಹೋಗಿತ್ತು.

ಈ ಕೆಲಸಕ್ಕೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ, ಮನೆ ಕಷ್ಟ ನನಗೂ ಗೊತ್ತು. ಆದರೆ ಜೆರಾಕ್ಸ್ ಮಾತ್ರ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ಇಟ್ಟುಕೊಳ್ಳಿ. ಸಂಬಳ ಎಷ್ಟು, ಡ್ಯೂಟಿ ಎಷ್ಟು ಹೊತ್ತು ಅಂತ ಬರೆದು ಕೊಡದಿದ್ದರೆ ಕನಿಷ್ಠ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿಸಿಕೊಳ್ಳಿ. ಎದುರಿಗೆ ಎಣಿಸದ ದುಡ್ಡಿಗೆ ಸಹಿ ಹಾಕಬೇಡಿ, ಯಾರು ಬೈದರೂ ಸರಿ. ಎಂಟ್ರಿ ಹಾಕಬೇಡ ಅಂದ ದಿನವೇ ಮನೆಗೆ ಫೋನ್ ಮಾಡಿ. 18 ತುಂಬಿಲ್ಲದಿದ್ದರೆ 1098ಕ್ಕೆ ಮಾಡಿ, ಮಕ್ಕಳ ಸಹಾಯವಾಣಿ, ರಾತ್ರಿಯೂ ಎತ್ತುತ್ತಾರೆ, ದುಡ್ಡಿಲ್ಲ.

ಹೋದ ವಾರ ಮೈಸೂರಿಗೆ ಹೋಗಿದ್ದಾಗ ಆ ರಸ್ತೆಯಲ್ಲೇ ನಡೆದು ಬಂದೆ. ಗಾಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: ರಿಸೆಪ್ಷನ್‌ಗೆ ಹುಡುಗರು ಬೇಕಾಗಿದ್ದಾರೆ, ಪಿಯುಸಿ ಸಾಕು, ಒರಿಜಿನಲ್ ಜೊತೆ ಬನ್ನಿ. ಒಳಗೆ ಕೌಂಟರ್ ಹಿಂದೆ ಒಬ್ಬ ಹುಡುಗ ರಿಜಿಸ್ಟರ್ ಬರೆಯುತ್ತಿದ್ದ, ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಒಳಗೆ ಹೋಗಿ ಅವನಿಗೆ ನನ್ನ ನಂಬರ್ ಬರೆದುಕೊಟ್ಟು ಬಂದಿದ್ದೇನೆ.