ಹಳೇ ಕಾರಿನ ಬ್ರೇಕ್ ಕೆಲಸ ಮನೆಯಲ್ಲೇ ಮಾಡಿಸ್ತೀರಾ? ಮೊದಲು ಆ ಬಾಟಲಿಯಲ್ಲಿ ಏನಿದೆ ನೋಡಿ

ಪದ್ಮಿನಿ, ಅಂಬಾಸಿಡರ್, ಹೆರಾಲ್ಡ್ ಅಂತ ಯಾವುದಾದರೂ ಹಳೇ ಗಾಡಿ ಇಟ್ಟುಕೊಂಡು, ಮೆಕ್ಯಾನಿಕ್‌ನ ಮನೆಗೇ ಕರೆಸಿ ಕೆಲಸ ಮಾಡಿಸುವವರು ದಯವಿಟ್ಟು ಇದನ್ನು ಓದಿ. ಎಂಜಿನ್ ಕೆಲಸ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕ್ ಕೆಲಸ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ನಮಗೆ ಆದದ್ದು ಎರಡನೆಯದು, ಅದೂ ಚಾಮುಂಡಿ ಬೆಟ್ಟದಿಂದ ಇಳಿಯುವಾಗ.

ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪ ಬುಕ್ ಮಾಡಿ, ವರ್ಷಗಟ್ಟಲೆ ಕಾದು ತಂದ ಗಾಡಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಗೀಸ್ಟರ್ ಏನೂ ಇಲ್ಲ. ಈಗಿನ ಕಾರುಗಳ ಬ್ರೇಕ್ ಆಯಿಲ್ ಎರಡು ಬೇರೆ ಬೇರೆ ಲೈನಿನಲ್ಲಿ ಹೋಗುತ್ತದೆ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ನಮ್ಮ ಗಾಡಿಯಲ್ಲಿ ಇರುವುದು ಒಂದೇ ಲೈನು. ಅದು ಹೋದರೆ ನಾಲ್ಕೂ ಚಕ್ರ ಒಟ್ಟಿಗೇ ಹೋಯಿತು ಅಂತ ಲೆಕ್ಕ.

ಹಿಂದಿನ ಎಡಗಡೆ ಚಕ್ರದ ಒಳಗೆ ಆಯಿಲ್ ಜಿನುಗುತ್ತಿತ್ತು. ಹಳೇ ಗಾಡಿಗೆ ಇದು ಮಾಮೂಲಿ. ಆಯಿಲಿನ ಒತ್ತಡದಲ್ಲಿ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಬಿಚ್ಚಿ, ಒಳಗಿನ ರಬ್ಬರ್ ಕಪ್ ಬದಲಿಸಿದರೆ ಸರಿಹೋಗುತ್ತದೆ. ಹೇಗೂ ಕೈ ಹಾಕಿದ್ದೇವೆ, ನಾಲ್ಕೂ ಚಕ್ರದ್ದು, ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ದು ಎಲ್ಲಾ ಬದಲಿಸಿಬಿಡೋಣ ಅಂದುಕೊಂಡೆವು. ಬೆಂಗಳೂರಿನ ಜೆ.ಸಿ. ರೋಡಿನಿಂದ ಕಿಟ್‌ಗಳು ಬಂದವು. ಒಂದು ಸೆಟ್ ಜಾಸ್ತಿಯೇ ತರಿಸಿದ್ದೆ. ಆ ಹೆಚ್ಚುವರಿ ಸೆಟ್ಟೇ ಆಮೇಲೆ ಸಾಕ್ಷಿ ಹೇಳಿತು.

ಮೇಸ್ತ್ರಿ ನಮ್ಮ ಏರಿಯಾದಲ್ಲಿ ಹೆಸರು ಮಾಡಿದವರು. ಫಿಯೆಟ್ ಕಾರ್ಬುರೇಟರನ್ನು ಕಿವಿಯಲ್ಲಿ ಕೇಳಿಯೇ ಟ್ಯೂನ್ ಮಾಡುತ್ತಾರೆ, ಸುಳ್ಳು ಹೇಳಬಾರದು. ಹುಡುಗನನ್ನು ಕರೆದುಕೊಂಡು ಬಂದು ನಮ್ಮ ಪೋರ್ಟಿಕೋದಲ್ಲೇ ಕೆಲಸ ಶುರು ಮಾಡಿದರು. ಸಿಲಿಂಡರ್‌ಗಳನ್ನು ಬಿಚ್ಚಿ, ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಪೆಟ್ರೋಲ್ ಸುರಿದು, ಬ್ರಶ್ ಹಾಕಿ ತಿಕ್ಕಿದರು. ಕಬ್ಬಿಣದ ಭಾಗಗಳ ಜೊತೆ ಹೊಸ ರಬ್ಬರ್ ಕಪ್‌ಗಳನ್ನೂ ಅದೇ ಟಬ್ಬಿಗೆ ಹಾಕಿ ತೊಳೆದರು. ಕೊನೆಗೆ ಲೈನಿನೊಳಗೆ ಸಿಕ್ಕಿಕೊಂಡ ಏರ್ ತೆಗೆಯುವ ಹೊತ್ತಿಗೆ ನಾನು ತಂದಿದ್ದ ಬ್ರೇಕ್ ಆಯಿಲಿನ ಸೀಲ್ ಡಬ್ಬ ಖಾಲಿಯಾಯಿತು. ಹುಡುಗ ಬ್ಯಾಗಿನಿಂದ ಒಂದು ನೀರಿನ ಬಾಟಲಿ ತೆಗೆದ. ಒಳಗೆ ಕಂದು ಬಣ್ಣದ ಎಣ್ಣೆ. "ಇದೇನಪ್ಪಾ?" ಅಂದೆ. "ಬ್ರೇಕ್ ಆಯಿಲ್ಲೇ ಸಾರ್, ಡಬ್ಬದಿಂದ ತೆಗೆದಿಟ್ಟಿದ್ದು" ಅಂದ. ಮೇಸ್ತ್ರಿಯೂ ತಲೆ ಆಡಿಸಿದರು.

ಮೊದಲು ಎಲ್ಲಾ ಚೆನ್ನಾಗಿತ್ತು. ಪೆಡಲ್ ಗಟ್ಟಿಯಾಗಿ, ಮೇಲೇ ನಿಲ್ಲುತ್ತಿತ್ತು. ದಿನ ಕಳೆದಂತೆ ಇನ್ನೂ ಗಟ್ಟಿಯಾಯಿತು. ಬ್ರೇಕ್ ಅಂದರೆ ಹೀಗಿರಬೇಕು ಅಂತ ಮನೆಯವರೆಲ್ಲಾ ಮೆಚ್ಚಿದೆವು. ಹಳೇ ಗಾಡಿಯಲ್ಲಿ ಪೆಡಲ್ ತಾನಾಗಿಯೇ ದಿನದಿನಕ್ಕೆ ಗಟ್ಟಿಯಾಗುತ್ತಾ ಹೋದರೆ ಅದು ಒಳ್ಳೆಯ ಲಕ್ಷಣ ಅಲ್ಲವೇ ಅಲ್ಲ. ಇದನ್ನು ಯಾರೂ ಹೇಳುವುದಿಲ್ಲ. ಪೆಡಲ್ ಮೆತ್ತಗಾದರೆ ಎಲ್ಲರೂ ಹೆದರುತ್ತಾರೆ, ಗಟ್ಟಿಯಾದರೆ ಖುಷಿಪಡುತ್ತಾರೆ.

ಆಷಾಢ ಶುಕ್ರವಾರದ ನೂಕುನುಗ್ಗಲು ಬೇಡ ಅಂತ ಶ್ರಾವಣದಲ್ಲಿ ಅಮ್ಮನನ್ನು ಬೆಟ್ಟಕ್ಕೆ ಕರೆದುಕೊಂಡು ಹೋದೆವು. ಹತ್ತುವಾಗಲೇ ಗಾಡಿ ಯಾಕೋ ಎಳೆಯುತ್ತಿರಲಿಲ್ಲ. ವಯಸ್ಸಾದ ಎಂಜಿನ್, ನಾಲ್ಕು ಜನ, ಏರು ರಸ್ತೆ, ಇರಲಿ ಬಿಡು ಅನಿಸಿತು. ದರ್ಶನ ಮುಗಿಸಿ ಇಳಿಯುವಾಗ ನಂದಿಯ ಕಡೆ ಹೋಗುವ ತಿರುವು ದಾಟಿದ ಮೇಲೆ ನನ್ನ ಹೆಂಡತಿ, "ರೀ, ಏನೋ ಸುಟ್ಟ ವಾಸನೆ ಬರ್ತಿದೆ" ಅಂದಳು. ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಅಷ್ಟು ಹೊತ್ತು ಕಲ್ಲಿನ ಹಾಗಿದ್ದ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಮತ್ತೆ ಒತ್ತಿದೆ, ಮತ್ತೆ ನೆಲಕ್ಕೆ. ಸೆಕೆಂಡಿಗೆ ಇಳಿಸಿ, ಎಂಜಿನ್ ಅರಚುತ್ತಿದ್ದರೂ ಫಸ್ಟಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಬೆಟ್ಟದ ಗೋಡೆಯ ಕಡೆಯ ಮಣ್ಣಿಗೆ ಹತ್ತಿಸಿದೆ. ಎಡಗಡೆ ಮಡ್‌ಗಾರ್ಡ್ ಕಲ್ಲಿಗೆ ಉಜ್ಜಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಮಾತ್ರ ಮನೆ ಮುಟ್ಟುವವರೆಗೂ ಬಾಯಿ ಬಿಡಲಿಲ್ಲ.

ಆಗ ಯಾರೋ ಬೈಕಿನ ಹುಡುಗರು ನಿಲ್ಲಿಸಿ ನೀರಿನ ಬಾಟಲಿ ತಂದರು. ಮುಂದಿನ ಎರಡು ಚಕ್ರದಿಂದಲೂ ಹೊಗೆ. ಪಾಪ, ಸಹಾಯ ಮಾಡಲು ಬಂದವರು. ಆದರೆ ಕಾದ ಡ್ರಮ್ ಮೇಲೆ ತಣ್ಣೀರು ಹಾಕಬೇಡಿ. ಅದು ಎರಕದ ಕಬ್ಬಿಣ, ಬಿರುಕು ಬಿಡಬಹುದು. ತಾನಾಗಿಯೇ ಆರಲಿ. ಆರಿದ ಮೇಲೆ ಪೆಡಲ್ ಮತ್ತೆ ಮೇಲೆ ಬಂತು. ಅಪಾಯ ಇರುವುದೇ ಇಲ್ಲಿ. ಪೆಡಲ್ ಸರಿಹೋಯಿತು ಅಂತ ಮತ್ತೆ ಓಡಿಸಿದರೆ ಕಥೆ ಮುಗಿಯಿತು. ನಾವು ಟೋಯಿಂಗ್ ಗಾಡಿ ಕರೆಸಿದೆವು.

ಒಳಗೆ ಆದದ್ದು ಇಷ್ಟು. ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಸಣ್ಣ ತೂತು ಇರುತ್ತದೆ, ಪಿನ್ ಮಾತ್ರ ತೂರುವಷ್ಟು. ಪೆಡಲ್ ಬಿಟ್ಟಾಗ ರಬ್ಬರ್ ಕಪ್ ಹಿಂದೆ ಸರಿದು ಆ ತೂತು ತೆರೆಯಬೇಕು, ಲೈನಿನ ಒತ್ತಡ ಮೇಲಿನ ಡಬ್ಬಿಗೆ ವಾಪಸ್ ಹೋಗಬೇಕು. ಕಪ್ ಉಬ್ಬಿದರೆ ತೂತು ಮುಚ್ಚಿಕೊಳ್ಳುತ್ತದೆ. ಆಗ ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ. ಲೈನರ್, ಅಂದರೆ ಡ್ರಮ್ಮನ್ನು ಒಳಗಿನಿಂದ ಹಿಡಿಯುವ ಬ್ರೇಕ್ ಪಟ್ಟಿ, ಡ್ರಮ್ಮಿಗೆ ಉಜ್ಜಿ ಕಾಯುತ್ತದೆ. ಕಾದ ಆಯಿಲ್ ಹಿಗ್ಗಿ ಇನ್ನೂ ಜೋರಾಗಿ ಹಿಡಿಯುತ್ತದೆ. ಹಿಡಿದಷ್ಟೂ ಕಾಯುತ್ತದೆ. ಕೊನೆಗೆ ಸಿಲಿಂಡರ್ ಒಳಗಿನ ಆಯಿಲ್ ಕುದಿಯುತ್ತದೆ. ಕುದಿದರೆ ಒಳಗೆ ಆವಿ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ ಅಷ್ಟೇ, ಬ್ರೇಕ್ ಹಿಡಿಯುವುದಿಲ್ಲ. ಪೆಡಲ್ ನೆಲಕ್ಕೆ. ಬ್ರೇಕ್ ಆಯಿಲ್ ಡಬ್ಬದ ಮೇಲೆ ಡಾಟ್ 3, ಡಾಟ್ 4 ಅಂತ ದರ್ಜೆ ಬರೆದಿರುತ್ತದೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುವ ಪದಾರ್ಥ. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿ 230 ಮತ್ತು 155. ಮುಚ್ಚಳ ತೆಗೆದು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಇಟ್ಟ ಅರ್ಧ ಡಬ್ಬ ಉಪಯೋಗಿಸಬೇಡಿ ಅನ್ನುವುದು ಇದಕ್ಕೇ.

ಮನೆಗೆ ತಂದು ಮಾಸ್ಟರ್ ಸಿಲಿಂಡರ್ ಬಿಚ್ಚಿದೆವು. ಒಳಗಿನ ಕಪ್ ನೆನೆಸಿದ ಕಡಲೆಯ ಹಾಗೆ ಉಬ್ಬಿತ್ತು. ಉಪಯೋಗಿಸದ ಹೊಸ ಕಪ್ಪನ್ನು ಪಕ್ಕದಲ್ಲಿಟ್ಟರೆ, ಎರಡೂ ಒಂದೇ ಸೈಜಿನವು ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಅಂಚು ಹೊರಗೆ ಚಾಚಿತ್ತು, ಉಗುರಿನಲ್ಲಿ ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು.

ಮೇಸ್ತ್ರಿಗೆ ಫೋನ್ ಮಾಡಿದೆ. "ಪಾರ್ಟ್ಸ್ ಡೂಪ್ಲಿಕೇಟ್ ಸಾರ್, ನಾನೇನು ಮಾಡಲಿ? ನಲವತ್ತು ವರ್ಷದಿಂದ ಪೆಟ್ರೋಲಲ್ಲೇ ತೊಳೀತಿರೋದು" ಅಂದರು. ಅಂಗಡಿಯವರನ್ನು ಕೇಳಿದರೆ "ಫಿಟಿಂಗ್ ಸರಿ ಇಲ್ಲ, ನಮ್ಮ ಮಾಲಿಗೆ ಇವತ್ತಿನವರೆಗೂ ಕಂಪ್ಲೇಂಟ್ ಇಲ್ಲ" ಅಂದರು. ಇಬ್ಬರ ಮಧ್ಯೆ ನಾವು.

ಸರಿ, ಉಳಿದಿದ್ದ ಸೆಟ್ಟಿನಿಂದ ಎರಡು ಕಪ್ ತೆಗೆದುಕೊಂಡೆ. ಒಂದನ್ನು ಹೊಸ ಬ್ರೇಕ್ ಆಯಿಲಿನಲ್ಲಿ, ಇನ್ನೊಂದನ್ನು ಪೆಟ್ರೋಲಿನಲ್ಲಿ, ಮುಚ್ಚಳ ಇರುವ ಗಾಜಿನ ಶೀಶೆಗಳಲ್ಲಿ ಹಾಕಿ ಹೊರಗೆ ನೆರಳಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಆಯಿಲಿನಲ್ಲಿದ್ದದ್ದು ಹೇಗಿತ್ತೋ ಹಾಗೇ ಇತ್ತು. ಪೆಟ್ರೋಲಿನದ್ದು ಉಬ್ಬಿಕೊಂಡಿತ್ತು. ಅಂಗಡಿಯವರ ಮಾಲಿನ ತಪ್ಪಲ್ಲ. ಬ್ರೇಕಿನ ರಬ್ಬರ್‌ಗೂ ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್, ಪವರ್ ಸ್ಟೀರಿಂಗ್ ಆಯಿಲ್ ಇವಕ್ಕೂ ಆಗಿಬರುವುದಿಲ್ಲ. ಇವೆಲ್ಲಾ ಖನಿಜ ತೈಲದ ಜಾತಿ. ಬ್ರೇಕ್ ಆಯಿಲ್ ಅನ್ನುವುದು ಹೆಸರಿಗೆ ಆಯಿಲ್ ಅಷ್ಟೇ, ಅದು ಗ್ಲೈಕಾಲ್.

ಆದರೆ ಒಂದು ಅನುಮಾನ ಉಳಿದಿತ್ತು. ಪೆಟ್ರೋಲಿನಲ್ಲಿ ಒಂದು ಸಲ ತೊಳೆದದ್ದಕ್ಕೇ ಇಷ್ಟು ಉಬ್ಬುತ್ತದಾ? ತೊಳೆದ ಪೆಟ್ರೋಲ್ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಅದೂ ಅಲ್ಲದೆ ಟಬ್ಬಿಗೆ ಬೀಳದ, ಆಯಿಲ್ ಹೋಗುವ ಮೆದು ರಬ್ಬರ್ ಹೋಸ್‌ಗಳೂ ಊದಿಕೊಂಡಿದ್ದವು. ಆಗ ಆ ನೀರಿನ ಬಾಟಲಿ ನೆನಪಾಯಿತು.

ಈ ಪರೀಕ್ಷೆ ನೀವೂ ಮಾಡಬಹುದು, ಕಾಸು ಖರ್ಚಿಲ್ಲ. ಒಂದು ಹಳೇ ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ, ಆ ಲೋಟ ಮತ್ತೆ ಅಡುಗೆಮನೆಗೆ ಹೋಗಬಾರದು. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯಿಂದ ಸಿರಿಂಜಿನಲ್ಲಿ ಸ್ವಲ್ಪ ಎಳೆದು ನೀರಿಗೆ ಬಿಟ್ಟು ಕಲಕಿ. ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಪೂರ್ತಿ ಬೆರೆತುಹೋಗುತ್ತದೆ. ಬೇರೆ ಎಣ್ಣೆ ಸೇರಿದ್ದರೆ ಮೇಲೆ ತೇಲುತ್ತದೆ. ನಮ್ಮ ಲೋಟದಲ್ಲಿ ಮೇಲುಗಡೆ ದಪ್ಪ ಕಂದು ಪದರ ನಿಂತಿತು. ಬೆಳಕಿಗೆ ಹಿಡಿದರೆ ಬಣ್ಣಬಣ್ಣದ ಜಿಡ್ಡು. ಅದರ ಫೋಟೋ ಮೇಸ್ತ್ರಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು, ಉತ್ತರ ಇವತ್ತಿಗೂ ಇಲ್ಲ. ಕೊಟ್ಟ ಮಜೂರಿ ಹೋಯಿತು ಅಂತಲೇ ಇಟ್ಟುಕೊಂಡಿದ್ದೇನೆ.

ಹೀಗೆ ಬೇರೆ ಎಣ್ಣೆ ಒಂದು ಸಲ ಒಳಗೆ ಹೋದರೆ, ಆಯಿಲ್ ಬದಲಿಸಿದರೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಡೀ ಲೈನಿನ ರಬ್ಬರ್ ಎಲ್ಲವೂ ದಂಡ. ಮಾಸ್ಟರ್ ಸಿಲಿಂಡರ್ ಕಪ್, ವೀಲ್ ಸಿಲಿಂಡರ್ ಕಪ್, ಮೆದು ಹೋಸ್‌ಗಳು, ಎಲ್ಲಾ ಹೊಸದು ಹಾಕಬೇಕು. ಲೋಹದ ಪೈಪುಗಳನ್ನು ಸ್ಪಿರಿಟ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಹೊಸ ಬ್ರೇಕ್ ಆಯಿಲಿನಲ್ಲಿ ಇನ್ನೊಮ್ಮೆ ತೊಳೆಯಬೇಕು. ಕಪ್ ಕೂರಿಸುವಾಗ ಜಾರಲಿ ಅಂತ ಗ್ರೀಸ್ ಸವರುತ್ತಾರೆ, ಅದೂ ಬೇಡ. ಬ್ರೇಕ್ ಆಯಿಲಿನಲ್ಲೇ ಅದ್ದಿ ಕೂರಿಸಬೇಕು. ಅರ್ಧ ಲೀಟರ್ ಡಬ್ಬ ಎಷ್ಟು ಮಹಾ ಆಗುತ್ತದೆ? ಎರಡು ಡಬ್ಬ ಜಾಸ್ತಿಯೇ ತಂದಿಟ್ಟುಕೊಳ್ಳಿ, ನಿಮ್ಮೆದುರಿಗೇ ಸೀಲ್ ಒಡೆಸಿ. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್. ಡಾಟ್ 5 ಅಂತ ಬರುವುದು ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸುವ ಹಾಗಿಲ್ಲ. ಇನ್ನು ಬ್ರೇಕ್ ಆಯಿಲ್ ಬಾಡಿಗೆ ಚೆಲ್ಲಿದರೆ ಪೇಂಟ್ ಎದ್ದುಬಿಡುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಪಾರ್ಟ್ಸ್ ವಿಷಯಕ್ಕೂ ಒಂದು ಮಾತು. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿತು. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಅಂಗಡಿಗಳಲ್ಲಿ "ಕಂಪನಿ ಓಲ್ಡ್ ಸ್ಟಾಕ್ ಸಾರ್, ಪ್ಯಾಕೆಟ್ ಒಡೆದಿಲ್ಲ" ಅಂತ ಹೆಮ್ಮೆಯಿಂದ ತೋರಿಸುತ್ತಾರೆ. ಗೇರು, ಬೇರಿಂಗ್, ಡೋರ್ ಹ್ಯಾಂಡಲ್ ಆದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ, ಚಿನ್ನ. ರಬ್ಬರ್ ಆದರೆ ಬೇಡ. ರಬ್ಬರ್ ಪ್ಯಾಕೆಟ್ಟಿನೊಳಗೇ ಮುದಿಯಾಗುತ್ತದೆ. ಹೋಸನ್ನು ಬಗ್ಗಿಸಿ ನೋಡಿ, ಮಡಿಕೆಯಲ್ಲಿ ಸಣ್ಣ ಬಿರುಕು ಕಂಡರೆ ವಾಪಸ್ ಕೊಡಿ. ಪೆಟ್ರೋಲ್ ಪೈಪಿಗೂ ಇದೇ ಮಾತು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್, ಹಳೇ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕಾಗಿ ಮಾಡಿದ್ದಲ್ಲ.

ಲೈನರ್ ಧೂಳನ್ನು ಬಾಯಲ್ಲಿ ಊದುವುದು, ಕಂಪ್ರೆಸರ್ ಗಾಳಿ ಹಿಡಿಯುವುದು ಮಾಡಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ನಮ್ಮ ಪೋರ್ಟಿಕೋದಲ್ಲಿ ಆ ಹುಡುಗ ಗಾಡಿಯನ್ನು ಹಾಲೋ ಬ್ಲಾಕ್ ಮೇಲೆ ಕೂರಿಸಲು ಹೋಗಿದ್ದ, ಅದೊಂದನ್ನು ಮಾತ್ರ ತಡೆದಿದ್ದೆ. ಸಿಮೆಂಟ್ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಜಾಕ್ ಇರುವುದು ಎತ್ತಲು, ಎತ್ತಿದ ಮೇಲೆ ನಿಲ್ಲಿಸಲು ಸ್ಟ್ಯಾಂಡೇ ಬೇಕು.

ಕೆಲಸ ಮುಗಿದ ಮೇಲೆ ಪೆಡಲ್ ಮೊದಲು ನೋಡಿ. ಬೆರಳಲ್ಲಿ ಒತ್ತಿದರೆ ಶುರುವಿನಲ್ಲಿ ಸ್ವಲ್ಪ ಸಲೀಸು ಆಟ ಇರಲೇಬೇಕು. ಆಟವೇ ಇಲ್ಲದಿದ್ದರೆ ಕಪ್ ಹಿಂದೆ ಸರಿಯಲು ಜಾಗ ಇಲ್ಲ ಅಂತ, ಉಬ್ಬದೇ ಇದ್ದರೂ ಆ ತೂತು ಮುಚ್ಚಿಯೇ ಇರುತ್ತದೆ. ಆಮೇಲೆ ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಪೆಡಲ್ ಜೋರಾಗಿ ಕೆಲವು ಸಲ ಒತ್ತಿ, ಮನೆಗೆ ಬಂದು ಒಂದೊಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಬ್ಲೀಡಿಂಗ್ ನಿಪ್ಪಲ್, ಅಂದರೆ ಏರ್ ತೆಗೆಯುವ ಸಣ್ಣ ಸ್ಕ್ರೂ, ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಲೈನಿನಲ್ಲಿ ಸಿಕ್ಕಿಕೊಂಡಿದೆ ಅಂತಲೇ ಅರ್ಥ, ಲೈನರ್ ಅಡ್ಜಸ್ಟ್ ಮಾಡಿ ಸಮಾಧಾನ ಮಾಡಿಕೊಳ್ಳಬೇಡಿ. ವಾರ ಬಿಟ್ಟು ಮತ್ತೆ ಇದೇ ಪರೀಕ್ಷೆ ಮಾಡಿ, ಲೈನಿನೊಳಗೆ ಬೇರೆ ಎಣ್ಣೆ ಬೆರೆತಿದ್ದರೆ ಕಪ್ ಉಬ್ಬುವುದು ಒಂದೇ ದಿನಕ್ಕೆ ಗೊತ್ತಾಗದೇ ಇರಬಹುದು.

ನಮ್ಮ ಗಾಡಿ ಈಗಲೂ ಸ್ಟ್ಯಾಂಡ್ ಮೇಲೆ ನಿಂತಿದೆ. ಕಪ್‌ಗಳು ಬಂದವು, ಮುಂದಿನ ಎರಡು ಹೋಸ್ ಮಾತ್ರ ಬಾಕಿ. ಕೇಳಿದ ಕಡೆಯೆಲ್ಲಾ ಓಲ್ಡ್ ಸ್ಟಾಕ್ ತೋರಿಸುತ್ತಿದ್ದಾರೆ. ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅಳತೆ ಕೊಟ್ಟರೆ ಹೊಸದಾಗಿ ಬ್ರೇಕ್ ಹೋಸ್ ಮಾಡಿ, ಪ್ರೆಶರ್ ಟೆಸ್ಟ್ ಮಾಡಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.